ನಾಲ್ಕು ಜಿಬಿಯೊಳಗ ಎಂಟು ಗಜದ ಸೀರಿ

ಇಳಕಲ್ಲಿನ ಬಜಾರದಲ್ಲಿ ಸೀರೆ ಅಂಗಡಿ ಇಟ್ಟುಕೊಂಡವನಿಗೆ ದಿನಕ್ಕೊಂದು ತಮಾಷೆ ತಪ್ಪಿದ್ದಲ್ಲ. ಗಿರಾಕಿ ಬಂದರೆ ಒಂದು, ಬರದಿದ್ದರೆ ಎರಡು. ಮೂವತ್ತೈದು ವರ್ಷ ಗಾದಿಯ ಮೇಲೆ ಕೂತು ಇದನ್ನೆಲ್ಲ ನೋಡಿದ ಮೇಲೆ ಇನ್ನು ಹೊಸದೇನೂ ಆಗಲಿಕ್ಕಿಲ್ಲ ಅಂದುಕೊಂಡಿದ್ದೆ. ಅಷ್ಟರಲ್ಲಿ ನನ್ನ ಅಂಗಡಿಯ ಒಳಕೋಣೆಗೆ ಒಂದು ಹಳೆಯ ಕಂಪ್ಯೂಟರ್ ಬಂತು. ಅಲ್ಲಿಂದ ಒಂದರ ಬೆನ್ನಿಗೆ ಒಂದು.

೧. ಆಯಿಯ ಷರತ್ತು

ಇದಕ್ಕೆಲ್ಲ ಕಾರಣ ಚೊಳಚಗುಡ್ಡದ ಆಯಿ. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ. ವಯಸ್ಸು ಎಂಬತ್ತರ ಹತ್ತಿರ, ಧ್ವನಿ ಇಪ್ಪತ್ತರದ್ದು. ಮೊಮ್ಮಗಳ ಲಗ್ನ ಕೂಡಿ ಬಂದಿತ್ತು. ಮನೆತನದ ಹೆಂಗಸರಿಗೆಲ್ಲ ಒಂದೇ ನಮೂನೆಯ ಇಪ್ಪತ್ತೊಂದು ಸೀರೆ ಬೇಕು ಅಂದಳು. ಇಪ್ಪತ್ತೊಂದು ಅಂದ ಕೂಡಲೇ ನಾನು ಗಾದಿಯಿಂದ ಎದ್ದೆ, ಚಹಾ ಹೇಳಿದೆ, ಫ್ಯಾನಿನ ಮುಖವನ್ನು ಆಕೆಯ ಕಡೆ ತಿರುಗಿಸಿದೆ.

ಆಯಿ ಚೀಲದಿಂದ ಪೇಪರಿನಲ್ಲಿ ಸುತ್ತಿದ ಒಂದು ಗೇಣು ಹಳೆಯ ಬಟ್ಟೆ ತೆಗೆದಳು. ಆಕೆಯ ತಾಯಿಯ ಸೀರೆಯದು. ದಡಿಯಲ್ಲಿ, ಅಂದರೆ ಅಂಚಿನಲ್ಲಿ, ಸಾಲಾಗಿ ಗಿಣಿಗಳು. ಈಗ ಅಂಥ ದಡಿ ಯಾರೂ ನೇಯುವುದಿಲ್ಲ.

"ಈ ಗಿಣಿ ದಡಿ ಬೇಕು ನನಗ."

"ನೇಯಸ್ತೇನ್ರಿ ಯವ್ವಾ. ಮೊದಲ ಚಿತ್ರಾ ಬರಸಿ ಫೋನಿಗೆ ಕಳಸ್ತೇನಿ."

"ಎದುರಂಗಡಿಯಾವನೂ ಹೋದ ಸಲ ಫೋನಿಗೆ ಕಳಿಸಿದ್ದ. ಸೀರಿ ಅಂದ್ರ ಪೋಸ್ಟಿನ ತಿಕೀಟಿನಷ್ಟು. ಅದನ್ನ ಉಟ್ಕೊಂಡು ಲಗ್ನಕ್ಕ ಹೋಗ್ಲೇನು? ಪೂರಾ ಸೀರಿ ತೋರಸು, ಅಳತಿಗೆ ಅಳತಿ. ಉಟ್ಟು ನೋಡಿ ಹೂಂ ಅಂತೇನಿ."

"ಉಡಬೇಕಂದ್ರ ನೇಯಬೇಕಲ್ರಿ? ಬರೇ ತೋರಸಾಕಂತ ಮಗ್ಗಕ್ಕ ಹಾಸು ಏರಸಾಕ ಆಗೂದಿಲ್ಲ."

"ನೇದ ಮ್ಯಾಲೆ ನಾ ಬ್ಯಾಡಂದ್ರ ನೀ ಮಾರಿ ಸಣ್ಣದು ಮಾಡಿ ಕುಂದರ್ತಿ. ಅದಕ್ಕ ನೇಯೂ ಮೊದಲ ತೋರಸು. ಬರೂ ತಿಂಗಳ ಮೊದಲನೇ ಮಂಗಳವಾರ ಬರ್ತೇನಿ. ಆಗೂದಿಲ್ಲಂದ್ರ ಈಗ ಹೇಳಿಬಿಡು. ಎದುರಂಗಡಿಗೆ ದಾಟಾಕ ನನಗ ಹನ್ನೊಂದು ಹೆಜ್ಜಿ."

ಎದುರಂಗಡಿಯವನೂ ನಾನೂ ಇಪ್ಪತ್ತು ವರ್ಷದಿಂದ ಒಬ್ಬರ ಗಿರಾಕಿಯನ್ನು ಒಬ್ಬರು ಕಣ್ಣಲ್ಲೇ ಎಳೆಯುತ್ತ ಕೂತವರು. ಹಾಗಾಗಿ ಆಗುವುದಿಲ್ಲ ಅನ್ನುವ ಮಾತೇ ಇರಲಿಲ್ಲ. ಆಕೆ ಬಸ್ಸಿಗೆ ಹೋದ ಮೇಲೆ ನಾನು ರಸ್ತೆ ದಾಟಿ ಎಣಿಸಿ ನೋಡಿದೆ. ಬರೀ ಒಂಬತ್ತು ಹೆಜ್ಜೆ. ಮುದುಕಿ ನನಗೆ ಎರಡು ಹೆಜ್ಜೆ ರಿಯಾಯಿತಿ ಕೊಟ್ಟಿದ್ದಳು.

೨. ಬಾಗಲಕೋಟೆಯಲ್ಲಿ ಚೌಕಾಶಿ

ಎಂಟು ಗಜ ಉದ್ದಕ್ಕೂ ಗಿಣಿಗಳನ್ನು ಕೈಯಿಂದ ಬಿಡಿಸುತ್ತ ಕೂತರೆ ಮದುಮಗಳಿಗೆ ಮಗು ಆಗುವ ಹೊತ್ತು ಬರುತ್ತದೆ. ಕಂಪ್ಯೂಟರಿನಲ್ಲಿ ಆದರೆ ಒಂದೇ ಗಿಣಿ ಬಿಡಿಸಿದರೆ ಸಾಕು, ಉಳಿದವನ್ನು ಅದೇ ಸಾಲಾಗಿ ಕೂರಿಸುತ್ತದೆ ಎಂದು ಯಾರೋ ಹೇಳಿದರು. ಮರುದಿನವೇ ಬಾಗಲಕೋಟೆಗೆ ಹೋದೆ. ಬಸ್ ಸ್ಟ್ಯಾಂಡಿನ ಹಿಂದೆ ಹಳೆ ಕಂಪ್ಯೂಟರ್ ಮಾರುವ ಒಂದು ಅಂಗಡಿ. ಮಾರುವವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ.

"ಮೆಮೊರಿ ಎಷ್ಟರದು ಕೊಡ್ಲಿ ರೀ? ನಾಲ್ಕು ಜಿಬಿ ಐತಿ, ಎಂಟು ಐತಿ, ಹದಿನಾರು ಐತಿ."

"ಹೆಚ್ಚು ಕಡಿಮಿ ಅಂದ್ರ ಏನು ಫರಕು?"

"ಮೆಮೊರಿ ಅಂದ್ರ ನಿಮ್ಮ ಗಾದಿ ಇದ್ದಂಗ್ರಿ. ಗಾದಿ ದೊಡ್ಡದಿದ್ರ ಭಾಳ ಸೀರಿ ಹರವಬಹುದು. ನಾಲ್ಕು ಜಿಬಿ ಅಂದ್ರ ಸಣ್ಣ ಗಾದಿ. ಚಿತ್ರಾ ಬಿಡಸೂ ಸಾಫ್ಟ್‌ವೇರ್ ಭಾಳ ಜಾಗಾ ಕೇಳ್ತೈತಿ. ನೀವು ಹದಿನಾರು ಒಯ್ರಿ."

ಹೆಚ್ಚಿನ ರೇಟಿನದನ್ನು ಮೊದಲು ತೋರಿಸುವುದು ನಾನೇ ಮಾಡುವ ಕೆಲಸ. ನನಗೇ ಅದನ್ನು ಮಾಡುತ್ತಾನಲ್ಲ ಅಂತ ಒಳಗೊಳಗೆ ನಕ್ಕೆ.

"ತಮ್ಮಾ, ಆರಡಿ ಗಾದಿ ಮ್ಯಾಲೆ ಮೂರು ಬೀಗರ ಮಂದಿಗೆ ಒಮ್ಮೆಲೆ ಸೀರಿ ತೋರಿಸಿದಾಂವ ನಾನು. ನಾಲ್ಕು ಸಾಕು."

"ಭಾರ ಆಗ್ತೈತ್ರಿ ಅದಕ್ಕ."

"ಆಗವಲ್ದ್ಯಾಕ. ನಾಲ್ಕರದು ಕಟ್ಟು. ಮ್ಯಾಲೆ ಆ ಇಲಿ ಕೆಳಗಿನ ಚಾಪಿ ಪುಕ್ಕಟೆ ಕೊಡು."

ಮೌಸಿನ ಚಾಪೆಯನ್ನೂ ಗೆದ್ದೆ. ಎಣಿಸಿ ಕೊಟ್ಟು ಹೊರಡುವಾಗ ಅವನು ಬಾಗಿಲ ತನಕ ಬಂದು ಮೆಲ್ಲಗೆ ಹೇಳಿದ: "ಸಾವ್ಕಾರ್ರ, ಒಂದು ಮಾತು. ಇದರ ಮುಂದ ಕುಂತಾಗ ಗಡಿಬಿಡಿ ಮಾಡಬ್ಯಾಡ್ರಿ. ಸಿಟ್ಟು ಮಾಡ್ಕೊಬ್ಯಾಡ್ರಿ."

ಒಳ್ಳೆಯ ಹುಡುಗ, ಹಿರಿಯರ ಆರೋಗ್ಯದ ಕಾಳಜಿ ಇದೆ ಅಂದುಕೊಂಡೆ. ಅವನು ಕೊಟ್ಟ ಗ್ಯಾರಂಟಿ ಅದೊಂದೇ ಅಂತ ತಿಳಿದದ್ದು ಇಳಕಲ್ಲಿಗೆ ಬಂದು ಬಟನ್ ಒತ್ತಿದ ಮೇಲೆ.

೩. ಬಣ್ಣ ಒಣಗಬೇಕು

ಬಿಡಿಸುವವನು ಹುನಗುಂದದ ಪೇಂಟರ್ ಉಸ್ತಾದ. ಒಂದು ಕಾಲದಲ್ಲಿ ಹುನಗುಂದ, ಇಳಕಲ್ಲಿನ ಅಂಗಡಿಗಳ ಬೋರ್ಡೆಲ್ಲ ಇವನ ಕೈಯವೇ. ನನ್ನ ಅಂಗಡಿಯ ಮೇಲಿನ ನವಿಲೂ ಇವನದೇ, ಇಪ್ಪತ್ತೆರಡು ವರ್ಷ ಆದರೂ ಒಂದು ಗರಿ ಮಾಸಿಲ್ಲ. ಫ್ಲೆಕ್ಸ್ ಬಂದ ಮೇಲೆ ಬೋರ್ಡು ಬರೆಸುವವರು ಇಲ್ಲವಾದರು. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವುದನ್ನು ಒಂದು ಬೇಸಿಗೆ ಮಗಳ ಹತ್ತಿರ ಕೂತು ಕಲಿತಿದ್ದ. ಕಲಿತದ್ದು ಮಗಳ ಹತ್ತಿರವಾದರೂ ಕೈಯ ರೂಢಿ ಬೋರ್ಡಿನದೇ.

ಮೊದಲನೇ ದಿನ ಎರಡು ತಾಸು ಬಿಟ್ಟು ಒಳಕೋಣೆಗೆ ಹೋದೆ. ಪರದೆ ಬೆಳ್ಳಗೆ ಖಾಲಿ. ಉಸ್ತಾದ ಹೆಗಲ ಮೇಲಿನ ಅರಿವೆಯಿಂದ ಕೈ ಒರೆಸಿಕೊಳ್ಳುತ್ತಿದ್ದ. ಯಾವ ಬಣ್ಣ ಹತ್ತಿತ್ತೋ ದೇವರಿಗೇ ಗೊತ್ತು.

"ಉಸ್ತಾದ, ಏನೂ ಬಿಡಿಸಿಲ್ಲಲ್ಲೋ?"

"ಬಿಡಿಸೇನ್ರಿ. ಅಸ್ತರ ಹೊಡದೇನಿ. ಎರಡು ಕೋಟು."

ಸಾಫ್ಟ್‌ವೇರಿನಲ್ಲಿ ಒಂದರ ಮೇಲೊಂದು ಪದರ ಇಡಬಹುದು. ಬೋರ್ಡಿಗೆ ಮೊದಲು ಬಿಳಿ ಪ್ರೈಮರ್ ಬಳಿಯುವಂತೆ ಇವನು ಎಂಟು ಗಜ ಉದ್ದದ ಎರಡು ಬಿಳಿ ಪದರ ಬಳಿದಿದ್ದ. ಇದ್ದ ಮೆಮೊರಿಯ ಅರ್ಧ ಅಸ್ತರಕ್ಕೇ ಹೋಗಿತ್ತು. ಪರದೆಯ ನಡುವೆ ಒಂದು ಸಣ್ಣ ಚಕ್ರ ಗರಗರ ತಿರುಗುತ್ತಿತ್ತು.

"ಮತ್ತ ಈ ಚಕ್ರ ಏನು?"

"ಒಣಗಾಕ ಹತ್ತೈತ್ರಿ."

"ಕಂಪ್ಯೂಟರ್‌ನ್ಯಾಗ ಬಣ್ಣ ಒಣಗೂದಂದ್ರೇನೋ?"

"ನೀವ ನೋಡ್ರಿ. ಈಗ ಮುಟ್ಟಿದ್ರ ಕೆಡ್ತೈತಿ. ಒಂದು ಚಹಾ ಕುಡದು ಬಂದ್ರ ಚಕ್ರ ನಿಂತಿರ್ತೈತಿ."

ನಂಬಲಿಲ್ಲ ನಾನು. ಮೌಸ್ ಹಿಡಿದು ನಾಲ್ಕು ಸಲ ಒತ್ತಿದೆ. ಪರದೆ ಮಬ್ಬಾಗಿ ಎಲ್ಲ ಬಂದಾಯಿತು, ಎರಡು ತಾಸಿನ ಕೆಲಸ ಹೋಯಿತು. ಬಾಗಲಕೋಟೆಗೆ ಫೋನು ಮಾಡಿ ಬೈದೆ. ಅವನು ತಣ್ಣಗೆ ಅಂದ: "ಗಡಿಬಿಡಿ ಮಾಡಬ್ಯಾಡ್ರಿ ಅಂತ ಹೇಳಿದ್ನಲ್ರಿ? ಚಕ್ರ ತಿರಗೂ ಮುಂದ ಮುಟ್ಟಬಾರದು. ಹೊರಗ ಹೋಗಿ ಒಂದು ಚಹಾ ಕುಡದು ಬರ್ರಿ."

ಫೋನಿನ ಸ್ಪೀಕರ್ ಹಾಕಿತ್ತು. ಉಸ್ತಾದ ನನ್ನ ಕಡೆ ನೋಡಲಿಲ್ಲ. ಚಪ್ಪಲಿ ಹಾಕಿಕೊಳ್ಳುತ್ತ ಗೋಡೆಗೆ ಹೇಳಿದ: "ಹಸೀ ಬಣ್ಣಕ್ಕ ಕೈ ಹಚ್ಚೂದು, ಆಮ್ಯಾಲೆ ಪೇಂಟರ್‌ಗೆ ಬೈಯೂದು. ಎಲ್ಲಾ ಸಾವ್ಕಾರ್ರೂ ಹಿಂಗ."

೪. ಹಗಲೂ ರಾತ್ರಿ ಕಾಯುವ ಕ್ಯಾಮೆರಾ

ಅದೇ ಕಂಪ್ಯೂಟರಿಗೆ ಅಂಗಡಿಯ ಕಳ್ಳಗಣ್ಣಿನ ಕ್ಯಾಮೆರಾವನ್ನೂ ಜೋಡಿಸಿದ್ದೆ. ಒಂದು ಯಂತ್ರ ಬಂದ ಮೇಲೆ ಅದರಿಂದ ಎರಡು ಕೆಲಸ ತೆಗೆಯದಿದ್ದರೆ ವ್ಯಾಪಾರ ಹೇಗೆ? ಆದರೆ ಕ್ಯಾಮೆರಾ ನಡೆದರೆ ಗಿಣಿ ಮೂಡುತ್ತಿರಲಿಲ್ಲ, ಗಿಣಿ ಮೂಡಿದರೆ ಕ್ಯಾಮೆರಾ ಕುರುಡು. ಎರಡಕ್ಕೂ ಸಾಲುವಷ್ಟು ಮೆಮೊರಿ ಇಲ್ಲ.

"ಯಾವುದು ಬೇಕು ಹೇಳ್ರಿ," ಅಂದ ಉಸ್ತಾದ. "ಕಳ್ಳ ಬೇಕೋ, ಗಿಣಿ ಬೇಕೋ?"

ಮಂಗಳವಾರಕ್ಕೆ ಹದಿನೆಂಟು ದಿನ ಉಳಿದಿತ್ತು. ಗಿಣಿ ಅಂದೆ. ಕ್ಯಾಮೆರಾವನ್ನು ಬಿಚ್ಚಿ ಕಪಾಟಿನಲ್ಲಿ ಇಟ್ಟೆವು. ಗೋಡೆಯ ಮೇಲೆ ಅದು ಇದ್ದ ಜಾಗ ಖಾಲಿ ಕಂಡು ಗಲ್ಲಾಪೆಟ್ಟಿಗೆಯನ್ನು ಕಾಲಿನ ಹತ್ತಿರಕ್ಕೆ ಎಳೆದುಕೊಂಡೆ. ಉಸ್ತಾದ ಹುನಗುಂದದಿಂದ ತನ್ನ ಹಳೆಯ ಬ್ರಷ್ಷು, ಡಬ್ಬಿ ತಂದ. ಏಣಿ ಹತ್ತಿ ಅದೇ ಜಾಗದಲ್ಲಿ ಒಂದು ಕ್ಯಾಮೆರಾ ಬರೆದ. ನೆರಳು, ತಂತಿ, ಗಾಜಿನ ಮೇಲಿನ ಹೊಳಪು, ಕೆಂಪು ದೀಪ, ಒಂದೂ ಬಿಟ್ಟಿರಲಿಲ್ಲ. ಅವನು ಕೆಳಗೆ ಇಳಿದ ಮೇಲೆ ನೋಡಿದರೆ ನನಗೇ ಕೂದಲು ಸರಿಮಾಡಿಕೊಳ್ಳಬೇಕು ಅನ್ನಿಸಿತು.

ಇಷ್ಟು ದಿನ ನಿಜವಾದ ಕ್ಯಾಮೆರಾವನ್ನು ಯಾರೂ ಕಣ್ಣೆತ್ತಿ ನೋಡಿರಲಿಲ್ಲ. ಇದರ ಮುಂದೆ ಹೆಣ್ಣುಮಕ್ಕಳು ಸೆರಗು ನೇರ್ಪು ಮಾಡಿಕೊಂಡು ನಿಲ್ಲುತ್ತಿದ್ದರು. ಒಬ್ಬ ಗಿರಾಕಿ ಪಕ್ಕಕ್ಕೆ ಸರಿದರೂ ಅದು ನನ್ನನ್ನೇ ನೋಡುತ್ತದೆ ಅಂದ.

ಮೂರನೇ ದಿನ ಎದುರಂಗಡಿಯವನು ಬಂದ. ಒಳಕೋಣೆಯ ಬಾಗಿಲ ಮೇಲಿನ ಬೀಗ ನೋಡಿದ, ಅದರ ಮುಂದೆ ಇಳಿಬಿಟ್ಟ ಬಟ್ಟೆ ನೋಡಿದ, ಆಮೇಲೆ ಕ್ಯಾಮೆರಾ ನೋಡಿದ.

"ಒಳಗ ಏನ ನಡಸೀರಿ, ಭಾಳ ಬಂದೋಬಸ್ತ್ ಕಾಣ್ತೈತಿ?"

"ಏನಿಲ್ರಿ, ಸ್ವಚ್ಛ ಮಾಡಾಕ ಹತ್ತೇವಿ."

"ಈ ಕ್ಯಾಮೆರಾ ಹೊಸಾದೇನು? ರಾತ್ರಿನೂ ಕಾಣಸ್ತೈತೇನು?"

ನನ್ನ ವ್ಯಾಪಾರದಲ್ಲಿ ನಾನು ಸುಳ್ಳು ಹೇಳುವುದಿಲ್ಲ.

"ಹಗಲಿ ಎಷ್ಟು ಕಾಣಸ್ತೈತೋ, ರಾತ್ರಿನೂ ಅಷ್ಟ ಕಾಣಸ್ತೈತ್ರಿ," ಅಂದೆ.

೫. ಸವತೆಕಾಯಿ

ಉಸ್ತಾದ ಬಿಡಿಸಿದ ಮೊದಲ ಗಿಣಿ ನೋಡಿದರೆ ಈಗ ಮಾತಾಡೀತು ಅನ್ನಬೇಕು. ಕೊಕ್ಕು, ಕೊರಳ ಪಟ್ಟಿ, ಬಾಲದ ಎಳೆ ಎಳೆ. ಆಯಿ ಕೊಟ್ಟ ತುಂಡಿನಲ್ಲಿ ಇದ್ದಂತೆಯೇ. ಅದನ್ನು ಸಾಲಾಗಿ ಕೂರಿಸುತ್ತ ಹೋದ. ಹತ್ತು, ಇಪ್ಪತ್ತು, ಮೂವತ್ತು. ನಲವತ್ತನೇ ಗಿಣಿಗೆ ಕಂಪ್ಯೂಟರ್ ನಿಂತಿತು. ಚಹಾ ಕುಡಿದು ಬಂದೆವು. ನಿಂತೇ ಇತ್ತು. ಊಟ ಮಾಡಿ ಬಂದೆವು. ಮಲಗಿತ್ತು.

ಮತ್ತೆ ಶುರು. ಮತ್ತೆ ನಲವತ್ತಕ್ಕೇ. ಸೀರೆಗೆ ಬೇಕಾದದ್ದು ಇನ್ನೂರರ ಮೇಲೆ. ಇನ್ನೊಂದಿಷ್ಟು ಮೆಮೊರಿ ಹಾಕಿಸೋಣ ಎಂದು ಬಾಗಲಕೋಟೆಯವನಿಗೆ ಕೇಳಿದರೆ, ಆ ಹಳೆ ಕಂಪ್ಯೂಟರಿಗೆ ಇದಕ್ಕಿಂತ ಹೆಚ್ಚು ಹಿಡಿಯುವುದಿಲ್ಲ, ಬೇಕಾದರೆ ಹದಿನಾರರದು ಇನ್ನೂ ಇದೆ ಅಂದ. ಅವನ ಧ್ವನಿಯಲ್ಲಿ ನಗೆ ಇತ್ತು. ಅವನ ಮುಂದೆ ಮತ್ತೆ ಹೋಗಿ ನಿಲ್ಲುವ ಪೈಕಿ ಅಲ್ಲ ನಾನು.

"ಉಸ್ತಾದ, ಗಿಣಿ ಹಗುರ ಮಾಡು."

"ಹಂಗಂದ್ರ?"

"ಮೈಮ್ಯಾಲಿಂದು ಏನರೆ ಕಡಿಮಿ ಮಾಡೋ. ಕಾಲ ತಗಿ."

ಕಾಲು ತೆಗೆದ. ಐವತ್ತೈದಕ್ಕೆ ಬಂತು.

"ಕಣ್ಣ ತಗಿ."

"ಕುರುಡ ಗಿಣಿ ಲಗ್ನದ ಸೀರಿಗೆ ಬರೂದಿಲ್ರಿ. ಕಣ್ಣಿನ ಸುತ್ತಿಂದು ತಗೀತೇನಿ."

"ಕೊರಳ ಪಟ್ಟಿ ಬಿಡು, ರೆಕ್ಕಿ ಗೆರಿ ಬಿಡು."

ಎಪ್ಪತ್ತು. ಹೀಗೆ ಒಂದು ಗಿಣಿಯ ಅಂಗಾಂಗಕ್ಕೆ ಇಬ್ಬರು ಗಂಡಸರು ಕೂತು ದಿನಗಟ್ಟಲೆ ಚೌಕಾಶಿ ಮಾಡಿದೆವು. ಕಡೆಗೆ ನಾನಂದೆ: "ಬಾಲ ತಗದು ನೋಡು."

ಉಸ್ತಾದ ಒಂದು ಗಿಣಿಯ ಬಾಲ ತೆಗೆದು, ಕುರ್ಚಿ ಹಿಂದಕ್ಕೆ ಸರಿಸಿ, ನನಗೆ ಜಾಗ ಬಿಟ್ಟ. "ನೀವ ನೋಡ್ರಿ. ಇದು ಗಿಣಿ ಅಲ್ರಿ. ಕಣ್ಣಿದ್ದ ಸವತಿಕಾಯಿ."

ಆ ಹೊತ್ತಿಗೆ ನೇದ ಸೀರೆ ಕೊಡಲಿಕ್ಕೆ ಮಗ್ಗದ ಅಕ್ಕ ಬಂದಳು. ಇಪ್ಪತ್ತೈದು ವರ್ಷದಿಂದ ನನಗೆ ಸೀರೆ ನೇಯುವವಳು. ಬಾಗಿಲಲ್ಲಿ ನಿಂತು ಸವತೆಕಾಯಿ ನೋಡಿದಳು, ನಮ್ಮ ಮುಖ ನೋಡಿದಳು, ಆಮೇಲೆ ಏನು ಅಡಚಣೆ ಅಂತ ಕೇಳಿದಳು. ಹೇಳಿದೆವು. ಪೂರಾ ಸೀರೆ ಒಮ್ಮೆಲೇ ಇದರೊಳಗೆ ಹಿಡಿಯುವುದಿಲ್ಲ.

"ಪೂರಾ ಸೀರಿ ಒಮ್ಮೆಲೆ ಯಾರು ನೇಯ್ತಾರ್ರಿ?" ಅಂದಳು ಅಕ್ಕ. "ಸೆರಗಿಂದು ಬ್ಯಾರೆ ಹಾಸು, ಒಡಲಿಂದು ಬ್ಯಾರೆ ಹಾಸು. ಎಳಿಗೆ ಎಳಿ ಕೊಂಡಿ ಹಾಕಿ ಕೂಡಸ್ತೇವಿ. ಅದಕ್ಕ ಅಲ್ಲೇನು ಇಳಕಲ್ ಸೀರಿ ಅನ್ನೂದು? ಈ ಡಬ್ಬಿಗೂ ಹಂಗ ಮಾಡ್ರಿ. ಸೆರಗು ಬ್ಯಾರೆ ಬರೀರಿ, ಒಡಲು ನಾಲ್ಕು ತುಂಡು ಬರೀರಿ. ಹೊರಗ ಕೂಡಸಿದ್ರಾತು."

ಮೂವತ್ತೈದು ವರ್ಷ ಕೊಂಡಿ ಹಾಕಿದ ಸೀರೆ ಮಾರಿದವನು ನಾನು. ನನಗೆ ಹೊಳೆಯಲಿಲ್ಲ. ಉಸ್ತಾದ ಕೂಡಲೇ ಬೇರೆ ಬೇರೆ ತುಂಡು ಮಾಡಿ ಕೂತ. ಗಿಣಿಗಳಿಗೆ ಕಾಲು, ಪಟ್ಟಿ, ಬಾಲ ಎಲ್ಲ ಮರಳಿ ಬಂದವು. ಕಂಪ್ಯೂಟರ್ ಒಂದು ಸಲವೂ ಮಲಗಲಿಲ್ಲ.

ಅಕ್ಕ ಹೋಗುವಾಗ ಕೇಳಿದಳು: "ಇದಕ್ಕ ನೆನಪು ಕಡಿಮಿ ಅಂದ್ರಿ. ನಿಮ್ಮಿಬ್ಬರಿಗೆ ಎಷ್ಟೆಷ್ಟು ಜಿಬಿ ಐತ್ರಿ?"

೬. ಯಾರ ಹುಟ್ಟುಹಬ್ಬ?

ಚಿತ್ರ ಆಯಿತು. ಅಳತೆಗೆ ಅಳತೆ ಮುದ್ರಿಸುವುದು ಎಲ್ಲಿ? ಅಷ್ಟು ಉದ್ದ ಮುದ್ರಿಸುವವರು ಫ್ಲೆಕ್ಸಿನವರು ಮಾತ್ರ. ಹುನಗುಂದಕ್ಕೆ ಹೋದೆವು. ಉಸ್ತಾದ ಫ್ಲೆಕ್ಸ್ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ತನ್ನ ಅನ್ನ ಕಸಿದ ಅಂಗಡಿಯೊಳಗೆ ಕಾಲಿಡುವುದಿಲ್ಲ ಅಂತ ಹನ್ನೆರಡು ವರ್ಷದ ಕೆಳಗೆ ಆಣೆ ಮಾಡಿದ್ದನಂತೆ. ರಸ್ತೆಯಲ್ಲೇ ನಿಂತು ಅಲ್ಲಿಂದಲೇ ಒದರಿ ಹೇಳುತ್ತಿದ್ದ: "ಕೆಂಪು ಹೆಚ್ಚಾತು ಅಂತ ಹೇಳ್ರಿ! ಹಸರು ಗಿಣಿದೈತಿ, ಬಾಳಿ ಎಲಿದಲ್ಲ!"

ಫ್ಲೆಕ್ಸಿನವನು ಗೊಂದಲಕ್ಕೆ ಬಿದ್ದಿದ್ದ.

"ಯಾರ ಹುಟ್ಟುಹಬ್ಬ ರೀ?"

"ಯಾರದೂ ಅಲ್ಲ."

"ಮತ್ತ ಫೋಟೋ ಎಲ್ಲಿ ಹಾಕ್ಲಿ?"

"ಫೋಟೋ ಇಲ್ಲ."

"ಶುಭ ಕೋರುವವರು ಅಂತಾದ್ರೂ ನಿಮ್ಮ ಹೆಸರು?"

"ಬ್ಯಾಡ."

ಫೋಟೋ ಇಲ್ಲದ, ಹೆಸರಿಲ್ಲದ, ಬರೀ ಗಿಣಿಗಳ ಫ್ಲೆಕ್ಸು ಅವನು ಜೀವಮಾನದಲ್ಲಿ ಮುದ್ರಿಸಿರಲಿಲ್ಲ. ಕೈ ಸುಮ್ಮನಿರದೆ ದಡಿಯ ಉದ್ದಕ್ಕೂ ಮೊಳಕ್ಕೊಂದರಂತೆ ಹಿತ್ತಾಳೆ ಬಣ್ಣದ ರಿಂಗು ಹೊಡೆಯತೊಡಗಿದ. ಬ್ಯಾನರನ್ನು ಹಗ್ಗ ಹಾಕಿ ಕಂಬಕ್ಕೆ ಕಟ್ಟಲಿಕ್ಕೆ ಇರುತ್ತವಲ್ಲ, ಅವು.

"ಇವು ಯಾಕ?"

"ರಿಂಗ್ ಪುಕ್ಕಟೆ ರೀ."

ಪುಕ್ಕಟೆ ಅಂದದ್ದನ್ನು ಬೇಡ ಅನ್ನುವುದು ನನ್ನ ರೂಢಿಯಲ್ಲ. "ಹಂಗಂದ್ರ ಎರಡೂ ದಡಿಗೆ ಹೊಡಿ," ಅಂದೆ. ತುಂಡುಗಳ ಕೊನೆಗೂ ಹೊಡೆಸಿದೆ. ಮಗ್ಗದ ಅಕ್ಕ ಆ ರಿಂಗುಗಳಲ್ಲೇ ದಾರ ಪೋಣಿಸಿ ಸೆರಗನ್ನೂ ಒಡಲನ್ನೂ ಕೊಂಡಿ ಹಾಕಿ ಕೂಡಿಸಿಬಿಟ್ಟಳು.

ಮಂಗಳವಾರ ಹತ್ತಕ್ಕೆ ಆಯಿ ಬಂದಳು, ಜೊತೆಗೆ ಮದುಮಗಳು. ಎಂಟು ಗಜದ ಫ್ಲೆಕ್ಸ್ ಬಿಚ್ಚಿದೆವು. ನನಗೆ ಒಳಗೆ ಅಳುಕು. ಆದರೆ ಆಯಿ ಬಟ್ಟೆಯೋ ಪ್ಲಾಸ್ಟಿಕ್ಕೋ ಅಂತ ಒಂದು ಮಾತೂ ಕೇಳಲಿಲ್ಲ. ಉಟ್ಟು ನೋಡುತ್ತೇನೆ ಅಂದಿದ್ದಳು, ಉಡಲಿಕ್ಕೆ ನಿಂತಳು.

ಒಳಕೋಣೆಯಿಂದ ಅರ್ಧ ತಾಸು ಸಪ್ಪಳ. ಯಾರೋ ಮಾಳಿಗೆ ಮೇಲೆ ತಗಡು ಎಳೆದಂತೆ. ನಿರಿಗೆ ಹಿಡಿದರೆ ಹಿಡಿದಲ್ಲಿ ನಿಲ್ಲುತ್ತಿರಲಿಲ್ಲ, ಹಾರ್ಮೋನಿಯಂ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ಕಡೆಗೆ, ಉಡಿಸಲಿಕ್ಕೆ ನಿಂತಿದ್ದ ಮಗ್ಗದ ಅಕ್ಕ ಕಾಗದದ ಕ್ಲಿಪ್ಪು ಹಾಕಿದಳು. ಆಯಿ ಹೊರಗೆ ಬಂದಳು. ಒಂದು ಹೆಜ್ಜೆ, ಫಟ್. ಇನ್ನೊಂದು ಹೆಜ್ಜೆ, ಫಟ್. ಬಜಾರದ ನಾಯಿ ಎದ್ದು ಬೊಗಳಿತು. ಸೆರಗು ಹೆಗಲ ಮೇಲೆ ಬೀಳಲೇ ಇಲ್ಲ, ಹಿಂದೆ ಕೊಡೆಯ ಹಾಗೆ ನಿಂತಿತ್ತು. ಕೂಡ್ರಲಿಕ್ಕೆ ಆಗದೆ ನಿಂತೇ ಚಹಾ ಕುಡಿದಳು. ರಸ್ತೆಯ ಆಚೆ ಎದುರಂಗಡಿಯವನು ಕುರ್ಚಿಯ ಮೇಲೆ ಹತ್ತಿ ನಿಂತಿದ್ದ, ಆದರೆ ಬಾಗಿಲಿಗೆ ನೆರೆದ ಮಂದಿಯ ತಲೆ ಬಿಟ್ಟು ಅವನಿಗೆ ಏನೂ ಕಂಡಿರಲಿಕ್ಕಿಲ್ಲ.

ಆಯಿ ನಾನು ಮರಳಿ ಕೊಟ್ಟ ಹಳೆ ತುಂಡು ಹಿಡಿದು ದಡಿಯ ಗಿಣಿಗಳನ್ನು ಒಂದೊಂದಾಗಿ ನೋಡಿದಳು. ಸೆರಗಿಗೆ ಬಂದು ಬೆರಳು ನಿಲ್ಲಿಸಿದಳು.

"ಇದೇನ್ಲೇ ಇದು?"

ನೋಡಿದೆ. ಸವತೆಕಾಯಿ. ಆ ದಿನ ಬಾಲ ತೆಗೆದು ನೋಡಿದ ಒಂದು ಗಿಣಿ ಹಾಗೇ ಉಳಿದು, ಸಾಲಿನಲ್ಲಿ ಕೂತು, ಮುದ್ರಣವಾಗಿ ಬಂದಿತ್ತು. ಇಪ್ಪತ್ತೊಂದು ಸೀರೆ ರಸ್ತೆ ದಾಟಿ ಹೋಗುವುದು ನನ್ನ ಕಣ್ಣಿಗೆ ಕಂಡಿತು. ಉಸ್ತಾದ ಹೆಗಲ ಅರಿವೆ ಬಾಯಿಗೆ ಹಿಡಿದ.

"ಅದು... ಕುಂತಿದ್ದ ಗಿಣಿ ರೀ ಯವ್ವಾ. ಬಾಲ ಕೆಳಗ ಮಡಚೇತಿ," ಅಂದೆ.

ಆಯಿ ಸವತೆಕಾಯಿಯನ್ನು ಬೆರಳಿನಿಂದ ತಟ್ಟಿದಳು. "ಉಳದಾವೆಲ್ಲಾ ಛಲೋ ಅದಾವ. ಹೂಂ, ನೇಯಸು. ಇದಕ್ಕೊಂದು ಬಾಲ ಹಚ್ಚು. ಇಪ್ಪತ್ತೊಂದು ಸೀರಿಗೂ ಬಾಲದ ರೊಕ್ಕ ಕಡಿಮಿ ಮಾಡು."

ಬಾಲ ಹಚ್ಚಿದ ಮೇಲೆ ರೊಕ್ಕ ಯಾಕೆ ಕಡಿಮೆ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ. ಒಪ್ಪಿದೆ. ಆಯಿ ಬದಲಿಸಿಕೊಂಡು ಬಂದು ಅಂದಳು: "ಇದನ್ನ ಕಟ್ಟಿಕೊಡು."

"ಯವ್ವಾ, ಅದು ಬರೇ ನಮೂನಿ ರೀ. ಇಲ್ಲೇ ಇಟ್ಕೋಬೇಕು ನಾನು."

"ನಾ ಮೈಮ್ಯಾಲೆ ಉಟ್ಟ ಸೀರಿ ತಿರುಗಿ ಅಂಗಡ್ಯಾಗ ಇಡ್ತೀಯೇನು? ಮಂದಿಗೆ ತೋರಸ್ತೀಯೇನು? ಸೀರಿ ಮಾರಾಂವಾಗಿ ಇಷ್ಟ ಗೊತ್ತಿಲ್ಲೇನು?"

ಉಟ್ಟ ಸೀರೆಯನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಬಾರದು ಅನ್ನುವುದು ನನ್ನದೇ ಅಂಗಡಿಯ ಕಾನೂನು. ಗೋಡೆಯ ಮೇಲೆ ಬರೆಸಿದ್ದೇನೆ, ಉಸ್ತಾದನ ಕೈಯಿಂದಲೇ. ಆಯಿ ಆ ಬರಹದ ಕೆಳಗೇ ನಿಂತಿದ್ದಳು. ಕಟ್ಟಿಕೊಟ್ಟೆ.

೭. ಹಳೇ ಮನೆತನದ ನಮೂನೆ

ಇಪ್ಪತ್ತೊಂದೂ ಸೀರೆ ನೇಯಿಸಿ ಕೊಟ್ಟೆ, ಲಗ್ನವೂ ಆಯಿತು, ಅದೇ ಗಿಣಿ ದಡಿಯ ಸೀರೆಯನ್ನು ಅಂಗಡಿಯಲ್ಲೂ ಮಾರಲಿಕ್ಕೆ ಇಟ್ಟೆ. ಚಿತ್ರ ಮಾತ್ರ ಯಾರ ಕೈಗೂ ಹೋಗಬಾರದು ಅಂತ ಒಳಕೋಣೆಗೆ ಎರಡು ಬೀಗ ಹಾಕಿದೆ. ಕಂಪ್ಯೂಟರಿಗೆ ಗುಪ್ತಪದ ಇಟ್ಟೆ, ಉಸ್ತಾದನಿಂದ ಮಗಳ ಮೇಲೆ ಆಣೆ ಮಾಡಿಸಿದೆ.

ಲಗ್ನವಾಗಿ ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ ಬಾದಾಮಿಯ ಗಿರಾಕಿ ಬಂದಳು. "ರಿಂಗ್ ದಡಿ ಸೀರಿ ಐತೇನ್ರಿ?"

"ರಿಂಗ್ ದಡಿ? ಅಂಥಾ ದಡಿ ಇಲ್ರಿ ಇಳಕಲ್ಲಿನ್ಯಾಗ."

"ಹೆಂಗ ಇಲ್ಲಂತೀರಿ, ಎದುರಿಗೆ ಐತಿ. ನಿಮ್ಮಲ್ಲಿ ರೇಟ್ ಕೇಳೋಣಂತ ಬಂದೇನಿ."

ಮಧ್ಯಾಹ್ನ ಇನ್ನಿಬ್ಬರು. ಸಂಜೆಗೆ ನಾಲ್ವರು. ನಾನು ಒಂಬತ್ತು ಹೆಜ್ಜೆ ದಾಟಿ ಹೋದೆ. ಎದುರಂಗಡಿಯ ಗಾಜಿನ ಹಿಂದೆ ನನ್ನ ಗಿಣಿಗಳು ಸಾಲಾಗಿ ಕೂತಿದ್ದವು. ಸೆರಗಿನಲ್ಲಿ ಅದೇ ಜಾಗದಲ್ಲಿ ಕಣ್ಣಿದ್ದ ಸವತೆಕಾಯಿ. ದಡಿಯ ಉದ್ದಕ್ಕೂ ಮೊಳಕ್ಕೊಂದರಂತೆ, ಜರಿಯಲ್ಲಿ ನೇದ ದುಂಡನೆಯ ಒಂದೊಂದು ರಿಂಗು.

ಉಸಿರು ಹಿಡಿದು ಕೇಳಿದೆ: "ಛಲೋ ಐತ್ರಿ. ಎಲ್ಲೀ ನಮೂನಿ ಇದು?"

ಎದುರಂಗಡಿಯವನು ಧ್ವನಿ ತಗ್ಗಿಸಿದ. "ಭಾಳ ಹಳೇದ್ರಿ. ಬನಶಂಕರಿ ಗುಡಿಗೆ ಹೋದಾಗ ಚೊಳಚಗುಡ್ಡದಾಗ ಒಂದು ಹಳೇ ಮನೆತನದಾಗ ಸಿಕ್ತು. ಈ ರಿಂಗ್ ನೋಡ್ರಿ, ಈಗ ಯಾರಿಗೂ ಇದರ ಅರ್ಥ ಗೊತ್ತಿಲ್ಲ. ರಾಜರ ಕಾಲದ್ದ ಇರಬೇಕು."

ಮರುದಿನ ಬೆಳಿಗ್ಗೆ ಉಸ್ತಾದನನ್ನು ಕರೆದುಕೊಂಡು ಚೊಳಚಗುಡ್ಡಕ್ಕೆ ಹೋದೆ. ಆಯಿಯ ಮನೆಯ ತನಕ ಹೋಗುವ ಕಾರಣ ಬೀಳಲಿಲ್ಲ. ರಸ್ತೆಯ ಪಕ್ಕ, ಬನಶಂಕರಿಗೆ ಹೋಗುವ ಮಂದಿಯೆಲ್ಲ ನೋಡುವ ಹಾಗೆ, ಆಕೆಯ ಮೇವಿನ ಬಣವೆ ನಿಂತಿತ್ತು. ಮಳೆಗೆ ಮೇವು ತೊಯ್ಯಬಾರದು ಅಂತ ಆಯಿ ಅದಕ್ಕೆ ಫ್ಲೆಕ್ಸ್ ಹೊದಿಸಿದ್ದಳು. ಹೊದಿಸುವುದೇನು, ಉಡಿಸಿದ್ದಳು. ಒಡಲು ಸುತ್ತಲೂ ಸುತ್ತಿ, ಸೆರಗು ತಲೆಯ ಮೇಲೆ ಹೊಚ್ಚಿ, ರಿಂಗುಗಳಿಗೆ ಹಗ್ಗ ಹಾಕಿ ಬಿಗಿದಿದ್ದಳು. ನೆರಳಿಗೆ ನಿಂತ ಎಮ್ಮೆಯೊಂದು ಸವತೆಕಾಯಿಯ ಮೇಲೆ ಬೆನ್ನು ತಿಕ್ಕಿಕೊಳ್ಳುತ್ತಿತ್ತು.

ಉಸ್ತಾದ ರಸ್ತೆಯ ಮೇಲೇ ಕೂತುಬಿಟ್ಟ. ಮೊದಲು ಅಳುತ್ತಾನೇನೋ ಅಂದುಕೊಂಡೆ. ನಗುತ್ತಿದ್ದ. "ಎರಡು ಬೀಗ!" ಅಂದ. ಮತ್ತೆ ನಕ್ಕ. "ಮಗಳ ಮ್ಯಾಲೆ ಆಣೆ ಬ್ಯಾರೆ!" ಅಂದ. ಹೊಟ್ಟೆ ಹಿಡಿದುಕೊಂಡ. "ರಾಜರ ಕಾಲದ ಬಣಿವಿ ಸಾವ್ಕಾರ್ರ!"

ಅವನು ನಗುತ್ತಿದ್ದಂತೆ ಬನಶಂಕರಿಯ ಕಡೆ ಹೋಗುವ ಇಬ್ಬರು ಹೆಣ್ಣುಮಕ್ಕಳು ಗಾಡಿ ನಿಲ್ಲಿಸಿದರು. ಬಣವೆಯ ಫೋಟೋ ತೆಗೆದುಕೊಂಡರು. ಒಬ್ಬಳು ಇನ್ನೊಬ್ಬಳಿಗೆ ಅಂದಳು: "ನೋಡವಾ, ಇದ ರಿಂಗ್ ದಡಿ. ಇಳಕಲ್ಲಿಗೆ ಹೋದ್ರ ಇದನ್ನ ತರೂದು."

ಸಿಟ್ಟು ಮಾಡಿಕೊಂಡು ಕೂತರೆ ಹೊಟ್ಟೆ ತುಂಬುವುದಿಲ್ಲ. ಗಿರಾಕಿ ಯಾವುದನ್ನು ಕೇಳುತ್ತಾಳೋ ಅದನ್ನು ಇಡುವವನು ವ್ಯಾಪಾರಿ. ನನ್ನ ಸೀರೆಗೆ ರಿಂಗಿಲ್ಲ. ರಿಂಗಿಲ್ಲದ್ದಕ್ಕೆ ನನ್ನದು ನಕಲಿ ಅಂತ ಮಂದಿ ಆಗಲೇ ಅನ್ನಲಿಕ್ಕೆ ಹತ್ತಿದ್ದರು.

"ನಗೂದು ಸಾಕ ಮಾಡು," ಅಂದೆ. "ಏಳು. ನಾಳಿಂದ ನಮ್ಮ ದಡಿಗೂ ರಿಂಗ್ ಬರಿ. ಮೊಳಕ್ಕೊಂದು."

ಉಸ್ತಾದ ಕಣ್ಣೊರೆಸಿಕೊಂಡು ಎದ್ದ. "ಬರೀತಿದ್ನಿ ಖರೆ, ಆದ್ರ ಜಾಗಾ ಎಲ್ಲೈತ್ರಿ? ತುಂಡು ತುಂಡು ಮಾಡಿದ್ರೂ ಗಿಣಿ ಕುಂತ ಮ್ಯಾಲೆ ಅದರಾಗ ಸಾಸಿವಿ ಹಾಕೂವಷ್ಟು ಮೆಮೊರಿ ಉಳದಿಲ್ಲ. ರಿಂಗ್ ಬರದ್ರ ಮತ್ತ ಮಲಗ್ತೈತಿ."

ನಾನು ಬಣವೆಯ ಕಡೆ ನೋಡಿದೆ. ಎಮ್ಮೆ ಬೆನ್ನು ತಿಕ್ಕುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿತ್ತು.

"ಒಂದು ರಿಂಗಿಗೆ ಎಷ್ಟು ಬಾಲ ತಗೀಬೇಕಾಗ್ತೈತಿ ನೋಡು," ಅಂದೆ.